ರಾಗಿ ಹುಲ್ಲಿನ ಪಕ್ಕ ಒಂದು ಮೊಳ ದಾರಿ

"ಬಾಲ್ಕನೀಲೇನು ದನ ಕಟ್ಟಿದ್ದೀರಾ?" ಎಂದು ನನ್ನ ಹೆಂಡತಿ ಅಡುಗೆಮನೆಯಿಂದಲೇ ಕೇಳಿದಳು. ಅಟ್ಟೂರಿನ ನಮ್ಮ ಎರಡನೇ ಮಹಡಿಯ ಮನೆಯಲ್ಲಿ ದನದ ಮಾತಿರಲಿ, ನನ್ನ ಸೈಕಲ್ಲಿಗೇ ಜಾಗ ಸಾಲದು. ಆದರೆ ಅವಳ ಮೂಗು ಸುಳ್ಳು ಹೇಳಿರಲಿಲ್ಲ. ಹಳೆಯ ಟೂತ್‌ಬ್ರಷ್ ಹಿಡಿದು ಚೈನು ಉಜ್ಜಲು ಕೂತಿದ್ದೆ. ಹಿಂದಿನ ಗೇರಿನ ಹಲ್ಲುಗಳಿಗೆ ಸುತ್ತಿಕೊಂಡ ರಾಗಿ ಹುಲ್ಲು ಎಳೆದಷ್ಟೂ ಬರುತ್ತಿತ್ತು. ಅದರ ಒಣ ವಾಸನೆ ಮನೆಯೊಳಗೆಲ್ಲ ಹರಡಿತ್ತು. ಈ ಹುಲ್ಲಿನ ಮೇಲೆ ನನಗೆ ಒಂದು ಕಾಲದಲ್ಲಿ ಎಂಥ ಸಿಟ್ಟಿತ್ತು ಅಂತೀರಿ!

ಮೊದಲು ನನ್ನ ಭಾನುವಾರದ ಹುಚ್ಚನ್ನು ಹೇಳಿಬಿಡುತ್ತೇನೆ. ನಲವತ್ತು ದಾಟಿದ ಮೇಲೆ ಡಾಕ್ಟರು "ಸ್ವಲ್ಪ ನಡೀರಿ" ಎಂದರು. ನಡೆಯುವುದು ಬೇಜಾರು ಅನ್ನಿಸಿ ಸೈಕಲ್ ಕೊಂಡೆ. ಸಣ್ಣ ಟೈರು, ಕೊಂಬಿನ ಹಾಗೆ ಬಾಗಿದ ಹ್ಯಾಂಡಲ್ಲು, ಪೆಡಲಿಗೆ ಕಚ್ಚಿಕೊಳ್ಳುವ ಶೂ. ಅದಕ್ಕೊಪ್ಪುವ ಮೈಗಂಟುವ ಅಂಗಿಯನ್ನೂ ಕೊಂಡೆ. ಅದನ್ನು ತೊಟ್ಟರೆ ನನ್ನ ಹೊಟ್ಟೆ ನನಗಿಂತ ಮೊದಲೇ ಊರು ಸೇರುತ್ತಿತ್ತು. ನಗಬೇಡಿ. ವಾರವೆಲ್ಲ ಹೆಬ್ಬಾಳದ ಫ್ಲೈಓವರ್ ಮೇಲೆ ಬಸ್ಸಿನ ಕಂಬಿಗೆ ಜೋತುಬಿದ್ದು ಆಫೀಸು ಸೇರುವ ಗುಮಾಸ್ತ ನಾನು. ಭಾನುವಾರ ಬೆಳಿಗ್ಗೆ ಕೋಗಿಲು ದಾಟಿ ಹಳ್ಳಿಯ ರಸ್ತೆಗೆ ಇಳಿದರೆ ಎರಡು ಗಂಟೆ ಹಾರನ್ನಿಲ್ಲ, ಫೈಲಿಲ್ಲ, ಸಾಹೇಬರಿಲ್ಲ. ಆ ಎರಡು ಗಂಟೆಗಾಗಿಯೇ ಮಿಕ್ಕ ದಿನಗಳನ್ನು ತಳ್ಳುತ್ತಿದ್ದೆ.

ಆ ರಸ್ತೆಯಲ್ಲಿ ಸುಗ್ಗಿಯ ಕಾಲಕ್ಕೆ ಒಂದೇ ಕಂಟಕ. ಹಳ್ಳಿಯವರು ಕೊಯ್ದ ರಾಗಿಯನ್ನು ತೆನೆ ಸಮೇತ ಟಾರಿನ ಮೇಲೆ ಹರಡಿಬಿಡುತ್ತಿದ್ದರು. ಹೋಗಿಬರುವ ಗಾಡಿಗಳ ಚಕ್ರವೇ ಅವರಿಗೆ ಒಕ್ಕಣೆಯ ಯಂತ್ರ. ಮೊದಲ ವರ್ಷವೇ ಹುಲ್ಲು ನನ್ನ ಗೇರಿಗೆ ಸುತ್ತಿ, ಚೈನು ನಿಂತು, ಶೂ ಪೆಡಲಿನಿಂದ ಬಿಡದೆ, ಸೈಕಲ್ಲಿನ ಸಮೇತ ದಪ್ಪನೆ ಬಿದ್ದೆ.

"ಅಯ್ಯೋ, ಎದ್ದೇಳಯ್ಯಾ! ತೆನೆ ಮ್ಯಾಲೆ ಒರಳಾಡಬ್ಯಾಡ!" ಎಂದು ಒಬ್ಬ ಹೆಂಗಸು ಕೂಗಿಕೊಂಡು ಬಂದರು. ಅವರೇ ಪಿಳ್ಳಕ್ಕ, ಆ ಹುಲ್ಲಿನ ಒಡತಿ. ನನಗೆ ಮೈಯೆಲ್ಲ ಉರಿಯಿತು. "ರಸ್ತೆ ಏನ್ ನಿಮ್ಮ ಕಣಾನಾ?" ಎಂದು ಕೂಗಾಡಿದೆ. ಆಕೆ ಕುಕ್ಕರಗಾಲಲ್ಲಿ ಕೂತು ಗೇರಿನಿಂದ ಹುಲ್ಲನ್ನು ಎಳೆಎಳೆಯಾಗಿ ಬಿಡಿಸಿದರು. ಆಮೇಲೆ ಸೈಕಲ್ಲನ್ನು ಒಂದೇ ಕೈಯಲ್ಲಿ ಎತ್ತಿ ಬೆರಗಾದರು.

"ಇದೇನಯ್ಯಾ, ಮೊರದಷ್ಟು ಅಗುರ ಐತೆ?"

"ಹಗುರ ಆದಷ್ಟೂ ಬೆಲೆ ಜಾಸ್ತಿ ಅಕ್ಕ."

"ತೂಕ ಕಮ್ಮಿ ಇದ್ದಿದ್ದಕ್ಕೆ ಜಾಸ್ತಿ ಕೊಟ್ಯಾ? ಯಾರೋ ನಿಂಗೆ ಚೆನ್ನಾಗಿ ಟೋಪಿ ಆಕವ್ರೆ ಬಿಡು."

ಮರುವಾರ ಬೈಗುಳಕ್ಕೆ ಸಿದ್ಧನಾಗಿ ಹೋದರೆ, ಹುಲ್ಲಿನ ಪಕ್ಕದಲ್ಲಿ ಒಂದು ಮೊಳ ಅಗಲ ಟಾರು ಕಾಣುವಂತೆ ಗುಡಿಸಿತ್ತು. "ಅದು ನಿಂದು. ಆಚೀಚೆ ಓಗಬ್ಯಾಡ" ಎಂದರು ಪಿಳ್ಳಕ್ಕ. ಅಂದಿನಿಂದ ಪ್ರತಿ ಸುಗ್ಗಿಯಲ್ಲೂ ಪೊರಕೆಯ ಗೆರೆಗಳಿರುವ ಆ ಮೊಳದಗಲದ ದಾರಿ ನನಗಾಗಿ ಕಾಯುತ್ತಿತ್ತು. ಇಡೀ ಬೆಂಗಳೂರಿನಲ್ಲಿ ನನಗೆಂದು ಯಾರಾದರೂ ಜಾಗ ಬಿಟ್ಟಿದ್ದರೆ ಅದೊಂದೇ.

ಇಷ್ಟಿದ್ದರೂ ನಾನೊಂದು ಘನಕಾರ್ಯ ಮಾಡಿದೆ. ಮಳೆಗಾಲದಲ್ಲಿ ಆ ರಸ್ತೆ ಗುಂಡಿ ಬಿದ್ದು ಕೆರೆಯಾಗುತ್ತಿತ್ತು. ಊರಿನ ಟೀ ಅಂಗಡಿಯಲ್ಲಿ ಕೂತಿದ್ದ ಯಜಮಾನರೊಬ್ಬರು "ಸಾರ್, ನೀವು ಆಫೀಸ್ನೋರು, ಒಂದು ಅರ್ಜಿ ಬರ್ಕೊಡಿ" ಎಂದರು. ಹೊಗಳಿಕೆಗೆ ಉಬ್ಬಿದೆ. "ಸದರಿ ರಸ್ತೆಯು ತೀರಾ ಕಿರಿದಾಗಿದ್ದು, ಸಾರ್ವಜನಿಕರ ಹಿತದೃಷ್ಟಿಯಿಂದ ಅಗಲೀಕರಣಗೊಳಿಸಬೇಕಾಗಿ" ಎಂದು ಎರಡು ಪುಟ ಗೀಚಿ ಕೊಟ್ಟೆ. ಗುಂಡಿ ಮುಚ್ಚಿ ಎಂದಷ್ಟೇ ಬರೆದಿದ್ದರೆ ಸಾಕಿತ್ತು. ಸಹಿ ಸಂಗ್ರಹವನ್ನು ಊರಿನವರೇ ನೋಡಿಕೊಂಡರು.

ನನ್ನ ಅರ್ಜಿಯಿಂದಲೇ ಆಯಿತು ಎನ್ನುವಷ್ಟು ದೊಡ್ಡ ಮನುಷ್ಯ ನಾನಲ್ಲ. ಹೇಗೋ ಆಯಿತು. ಹುಣಸೆಮರಗಳು ಹೋದವು, ನಡುವೆ ಡಿವೈಡರ್ ಬಂತು, ಎರಡೂ ಬದಿಗೆ ಲೇಔಟುಗಳ ಕಮಾನುಗಳು ಎದ್ದವು. ನೀರಿನ ಟ್ಯಾಂಕರು, ಜಲ್ಲಿ ಲಾರಿ, ಭಾನುವಾರ ಸೈಟು ನೋಡಲು ಬರುವ ಕಾರುಗಳು. ಒಂದು ಟ್ಯಾಂಕರಿನ ಗಾಳಿಗೆ ಚರಂಡಿಗೆ ಇಳಿದವನು ಮೊಣಕೈ ಒರೆಸಿಕೊಂಡು ಮನೆಗೆ ಬಂದು, ಸೈಕಲ್ಲನ್ನು ಬಾಲ್ಕನಿಯಲ್ಲಿ ನಿಲ್ಲಿಸಿಬಿಟ್ಟೆ. ಅದು ಬಟ್ಟೆ ಒಣಗಿಸುವ ಸ್ಟ್ಯಾಂಡಾಯಿತು. ಅಷ್ಟು ಅಗಲದ ರಸ್ತೆಯಲ್ಲಿ ನನಗೆ ಒಂದು ಮೊಳ ಜಾಗ ಇರಲಿಲ್ಲ. ಯಾರನ್ನಾದರೂ ಬೈಯೋಣವೆಂದರೆ ಅರ್ಜಿ ನನ್ನದೇ.

ಹಿಂದೆಂದೋ ಬರೆದುಕೊಟ್ಟಿದ್ದ ನನ್ನ ನಂಬರಿಗೆ ಕಳೆದ ವಾರ ಪಿಳ್ಳಕ್ಕನ ಫೋನು ಬಂತು. ಅವರ ಹೊಲವೂ ಲೇಔಟಾಗಿ, ಅವರೀಗ ಬಾಡಿಗೆ ಮನೆಗಳ ಒಡತಿ. ಆದರೂ ಕೈ ಸುಮ್ಮನಿರದೆ, ಮನೆ ಏಳದ ಖಾಲಿ ಸೈಟುಗಳಲ್ಲಿ ರಾಗಿ ಬಿತ್ತಿದ್ದರಂತೆ. "ಮೈನ್ ರೋಡ್ನಾಗೆ ಆಕಿದ್ರೆ ನನ್ನೂ ಒಕ್ಕಿಬಿಡ್ತಾರೆ. ಲೇಔಟ್ ಒಳಗಿನ ರೋಡ್ನಾಗೆ ಅರಡಿವ್ನಿ. ಬಡಿಯಾಕೆ ಕೈಲಾಗಲ್ಲ, ವಾಚ್‌ಮನ್ನು ಟ್ರ್ಯಾಕ್ಟರ್ ಬಿಡಲ್ಲ ಅಂತಾನೆ. ಸೈಕಲ್ ಆದ್ರೆ ಬಿಡ್ತಾನಂತೆ. ಬತ್ತೀಯಾ?"

ಇವತ್ತು ಬೆಳಿಗ್ಗೆ ಟೈರಿಗೆ ಗಾಳಿ ತುಂಬಿ, ಜೀವ ಕೈಯಲ್ಲಿ ಹಿಡಿದು ಆ ದೊಡ್ಡ ರಸ್ತೆ ದಾಟಿ ಹೋದೆ. ಗೇಟಿನೊಳಗೆ ಹೊಸ ಟಾರು, ಉರಿಯದ ದೀಪದ ಕಂಬಗಳು, ಮನೆಗಳಿಲ್ಲದ ಕ್ರಾಸುಗಳು. ಯಾವುದರಿಂದ ತಪ್ಪಿಸಿಕೊಂಡು ಓಡಾಡುತ್ತಿದ್ದೆನೋ ಆ ಹುಲ್ಲಿನ ಮೇಲೆಯೇ ಗಾಣದ ಎತ್ತಿನಂತೆ ಸುತ್ತಿದೆ. ಕಾಳು ಸುಲಭಕ್ಕೆ ಉದುರಲಿಲ್ಲ.

"ಸೈಕಲ್ ತುಂಬಾ ಹಗುರ ಅಕ್ಕ" ಎಂದೆ.

"ಅದು ಅಗುರ ಆದ್ರೇನು, ಮ್ಯಾಲೆ ನೀನಿದೀಯಲ್ಲ. ತುಳಿ ತುಳಿ."

ಹತ್ತು ಹದಿನೈದು ಸುತ್ತಾದ ಮೇಲೆ ಉಸಿರು ಸಿಕ್ಕದೆ ನಿಂತೆ. ಎದೆಯಲ್ಲಿದ್ದದ್ದು ಬಾಯಿಗೆ ಬಂದುಬಿಟ್ಟಿತು. "ಅಕ್ಕ, ರಸ್ತೆ ಅಗಲ ಮಾಡಿ ಅಂತ ಅರ್ಜಿ ಹೋಗಿತ್ತಲ್ಲ, ಅದನ್ನ ಬರೆದದ್ದು ನಾನೇ."

ಪಿಳ್ಳಕ್ಕ ಹುಲ್ಲು ತಿರುವುವುದನ್ನು ನಿಲ್ಲಿಸಲಿಲ್ಲ. "ಅದ್ಕೆ ಮೊದಲ್ನೇ ಎಬ್ಬೆಟ್ಟು ಒತ್ತಿದ್ದು ನಾನೇ ಕಣಪ್ಪ. ರೋಡು ಅಗಲ ಆದ್ರೆ ಇನ್ನೂ ಒಸಿ ಜಾಸ್ತಿ ಉಲ್ಲು ಅರಡಬೋದು ಅಂದ್ಕಂಡಿದ್ದೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮೊದಲು ನಕ್ಕಿದ್ದು ಅವರು. ನಾನೂ ನಕ್ಕೆ. ನಗುತ್ತಲೇ ಮತ್ತೆ ಸೈಕಲ್ ಹತ್ತಿ ಇನ್ನಷ್ಟು ಸುತ್ತು ಹಾಕಿದೆ. ಅರ್ಧ ರಾಶಿ ಇನ್ನೂ ಬಾಕಿ ಇದೆ. ಬರುವ ಭಾನುವಾರ ಮತ್ತೆ ಹೋಗಬೇಕು.

"ರೀ, ಆ ವಾಸನೆ ಹೋಗೋ ಹಾಗೆ ಚೆನ್ನಾಗಿ ತೊಳೀರಿ" ಎಂದಳು ಹೆಂಡತಿ, ಬಾಲ್ಕನಿಗೆ ಬಂದು. ಮುಂದಿನ ಸುಗ್ಗಿಯ ಹೊತ್ತಿಗೆ ಆ ಸೈಟುಗಳಲ್ಲೆಲ್ಲ ಪಾಯ ತೋಡಿರುತ್ತಾರೆ ಎಂದು ಪಿಳ್ಳಕ್ಕ ಹೇಳಿದ್ದು ನೆನಪಾಯಿತು. ಟೂತ್‌ಬ್ರಷ್ ಕೆಳಗಿಟ್ಟೆ.

"ಇರಲಿ ಬಿಡೇ" ಎಂದೆ. "ಮುಂದಿನ ವರ್ಷ ಬರಲ್ಲ."