ಅಡುಗೆಮನೆ ಬಾಗಿಲ ಕೆಳಗಿನ ಗಾಳಿ

ನಮ್ಮ ದೊಡ್ಡಮ್ಮನಿಗೆ ಗಾಳಿಯ ಮೇಲೆ ಇದ್ದಷ್ಟು ಸಿಟ್ಟು ಮನುಷ್ಯರ ಮೇಲೆ ಇರಲಿಲ್ಲ. ಚಳಿಗಾಲ ಬಂತೆಂದರೆ ಸ್ವೆಟರಿನ ಮೇಲೊಂದು ಸ್ವೆಟರು, ಅದರ ಮೇಲೊಂದು ಶಾಲು ಹೊದ್ದು ನಡುಮನೆಯಲ್ಲಿ ನಿಂತು, "ಬಂತು ನೋಡು, ಕರೆಯದೆ ಬರೋ ನೆಂಟ" ಎಂದು ಯಾವುದೋ ಕಿಟಕಿಯ ಕಡೆ ಕೆಂಗಣ್ಣು ಬಿಡುತ್ತಿದ್ದಳು. ಕಸುಬಿನಲ್ಲಿ ಅವಳು ದರ್ಜಿ. ಹಳೆಯ ಕೋಟು ಬಿಚ್ಚಿ ಹೊಸ ಮೈಗೆ ಹೊಂದಿಸುವುದರಲ್ಲಿ ಎತ್ತಿದ ಕೈ. ಮನೆಯನ್ನೂ ಅದೇ ಕಣ್ಣಿನಿಂದ ನೋಡುತ್ತಿದ್ದಳು. "ಬಟ್ಟೆ ಗಟ್ಟಿ ಇದೆ ಕಣೇ, ಹೊಲಿಗೆ ಬಿಟ್ಟಿದೆ ಅಷ್ಟೇ" ಅನ್ನುತ್ತಿದ್ದಳು.

ಮನೆ ಅಜ್ಜ ಕಟ್ಟಿಸಿದ್ದು. ಅಜ್ಜ ಹೋದ ಮೇಲೆ ದೊಡ್ಡಪ್ಪ ಮತ್ತು ನಮ್ಮಪ್ಪ ಅದನ್ನು ಎರಡು ಭಾಗ ಮಾಡಿಕೊಂಡು, ನಡುವೆ ಗೋಡೆ ಎಬ್ಬಿಸಿ, ಅಡುಗೆಮನೆಗಳ ಮಧ್ಯೆ ಮಾತ್ರ ಒಂದು ಬಾಗಿಲು ಉಳಿಸಿಕೊಂಡಿದ್ದರು. ಜಗಳ ಬಂದದ್ದು ಆಸ್ತಿಯಿಂದಲ್ಲ, ಏಣಿಯಿಂದ. ನಮ್ಮಪ್ಪ ಅಣ್ಣನ ಏಣಿ ತಂದು, ಒಂದು ಮೆಟ್ಟಿಲು ಮುರಿದು, ಬಾಯಿ ಬಿಡದೆ ವಾಪಸು ಗೋಡೆಗೆ ಒರಗಿಸಿ ಬಂದಿದ್ದ. ಮಾರನೆಯ ದಿನ ದೊಡ್ಡಪ್ಪ ಅದನ್ನು ಹತ್ತಿ ಬಿದ್ದ. ಕಾಲು ಉಳುಕಿತು ಅಷ್ಟೇ, ಆದರೆ ಮಾತು ಮುರಿಯಿತು. "ಬೇಕಂತಲೇ ಮಾಡಿದಾನೆ" ಅಂದ ಅಣ್ಣ. "ನನ್ನ ಬಗ್ಗೆ ಅಷ್ಟು ಕೀಳಾಗಿ ಯೋಚಿಸೋನ ಹತ್ರ ನನಗೇನು ಮಾತು" ಅಂದ ತಮ್ಮ. ಅಡುಗೆಮನೆ ಬಾಗಿಲಿಗೆ ಎರಡೂ ಕಡೆಯಿಂದ ಚಿಲಕ ಬಿತ್ತು. ನಾನು ಆಗಿನ್ನೂ ತೊಟ್ಟಿಲಲ್ಲಿದ್ದೆ. ಬುದ್ಧಿ ಬಂದ ಮೇಲೆ ಈ ಕಥೆ ಕೇಳಿ, ಇಬ್ಬರು ಗಡ್ಡ ಬಂದ ಗಂಡಸರು ಹೀಗೂ ಇರುತ್ತಾರೆಯೇ ಎಂದು ನನಗೆ ಮೈ ಉರಿದಿತ್ತು. ನಾನು ಮಾತ್ರ ಮುಂಬಾಗಿಲಿನಿಂದ ಎರಡೂ ಮನೆಗೆ ಓಡಾಡಿಕೊಂಡಿದ್ದೆ.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ನಮ್ಮಲ್ಲಿ ಅಣ್ಣ ತಮ್ಮಂದಿರ ಜಗಳದಲ್ಲಿ ಬಡವಾದವರು ಓರಗಿತ್ತಿಯರು. ದೊಡ್ಡಮ್ಮನಿಗೂ ನಮ್ಮಮ್ಮನಿಗೂ ಒಬ್ಬರನ್ನು ಬಿಟ್ಟು ಒಬ್ಬರಿಗೆ ಹೊತ್ತು ಹೋಗುತ್ತಿರಲಿಲ್ಲ. ಹಾಗಾಗಿ ಅವರು ಬಾಗಿಲ ಕೆಳಗಿನ ಸಂದಿಯನ್ನು ಹಿಡಿದುಕೊಂಡರು. ಗಂಡಂದಿರು ಕೆಲಸಕ್ಕೆ ಹೋದ ಮೇಲೆ ಆ ಕಡೆ ಒಬ್ಬಳು, ಈ ಕಡೆ ಒಬ್ಬಳು ನೆಲದ ಮೇಲೆ ಕೂತು ತರಕಾರಿ ಹೆಚ್ಚುತ್ತ ಪಿಸುಗುಡುವರು. ಗುಂಡಿ, ಸೂಜಿ, ತಲೆನೋವಿನ ಮಾತ್ರೆ ಎಲ್ಲವೂ ಅದೇ ದಾರಿಯಲ್ಲಿ ಓಡಾಡಿದವು. ಬೀದಿಯಲ್ಲಿ ಎದುರಾದರೆ ಮಾತ್ರ ಇಬ್ಬರೂ ಮುಖ ತಿರುಗಿಸಿ ನಡೆಯುತ್ತಿದ್ದರು. ಆಮೇಲೆ ಸಂದಿಯ ಬಳಿ ಬಂದು, "ಇವತ್ತು ನೀನು ಸ್ವಲ್ಪ ಜಾಸ್ತಿನೇ ಮೂತಿ ತಿರುಗಿಸಿದೆ ಕಣೇ" ಎಂದು ದೊಡ್ಡಮ್ಮ ನಗುತ್ತಿದ್ದಳು.

ದೊಡ್ಡಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮಾತು ಕಡಿಮೆ, ಕೈ ಚುರುಕು. ಪ್ರತಿ ವರ್ಷ ಚಳಿಗಾಲಕ್ಕೆ ಮುಂಚೆ ಒಂದು ಭಾನುವಾರ, ದೊಡ್ಡಮ್ಮನ ಅಂಗಡಿಯಲ್ಲಿ ಉಳಿದ ಉಣ್ಣೆ ಚೂರುಗಳನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಸಣ್ಣ ಮೊಳೆಗಳನ್ನು ತುಟಿಯಲ್ಲಿ ಕಚ್ಚಿಕೊಂಡು, ಪ್ರತಿ ಕಿಟಕಿ ಬಾಗಿಲಿನ ಅಂಚಿಗೂ ಬಡಿಯುತ್ತಿದ್ದ. ಅಟ್ಟಕ್ಕೆ ಮಾತ್ರ ಅವನ ಕೈ ತಲುಪಲಿಲ್ಲ. ಅಟ್ಟಕ್ಕೆ ಏಣಿ ಬೇಕು, ಆ ಮನೆಯಲ್ಲಿ ಏಣಿಯ ಹೆಸರೆತ್ತುವಂತಿರಲಿಲ್ಲ.

ಒಂದು ದಿನ ದೊಡ್ಡಮ್ಮ ಅಂಗಡಿಯಿಂದ ಬಂದು ನೋಡಿದರೆ ಅಡುಗೆಮನೆ ಬಾಗಿಲಿನ ಕೆಳಗೆ, ಮರ ಒಂದು ಕಡೆ ಕಮಾನಿನ ಹಾಗೆ ಸವೆದಿತ್ತು. ಇಡೀ ಅಂಗೈ ತೂರುವಷ್ಟು ಅಗಲ. ಒಳಗೊಳಗೆ ಖುಷಿ, ಜೊತೆಗೇ ಭಯ. ಗಂಡನ ಕಣ್ಣಿಗೆ ಬಿದ್ದರೆ ಮುಚ್ಚಿಬಿಡುತ್ತಾನಲ್ಲ! ತಾನೇ ಮುಂದಾಗಿ, "ಇಲಿ ಕಾಟ ಜಾಸ್ತಿ ಆಗಿದೆ" ಅಂದಳು. ದೊಡ್ಡಪ್ಪ ಪೇಪರಿನಿಂದ ತಲೆ ಎತ್ತದೆ, "ಇರಬೇಕು" ಅಂದ. ಮಾರನೆಯ ದಿನ ಒಂದು ಇಲಿಬೋನು ತಂದು, ಅಡುಗೆಮನೆ ಬಿಟ್ಟು, ನಡುಮನೆಯ ಮೂಲೆಯಲ್ಲಿ ಇಟ್ಟ. "ಈ ಗಂಡಸಿಗೆ ಇಲಿ ಎಲ್ಲಿದೆ ಅಂತಾನೂ ಗೊತ್ತಾಗಲ್ಲ" ಎಂದು ದೊಡ್ಡಮ್ಮ ಅಮ್ಮನ ಹತ್ತಿರ ಪಿಸುಗುಟ್ಟಿ ನಕ್ಕಿದ್ದಳಂತೆ. ಆ ಬೋನಿಗೆ ಒಂದು ಇಲಿಯೂ ಬೀಳಲಿಲ್ಲ.

ಹೋದ ವರ್ಷ ದೊಡ್ಡಪ್ಪ ತೀರಿಕೊಂಡ. ಅಪ್ಪ ಗೇಟಿನವರೆಗೆ ಬಂದು, ಅಲ್ಲೇ ನಿಂತು, ಹೆಣ ಎತ್ತಿದ ಮೇಲೆ ಎಲ್ಲರ ಹಿಂದೆ ನಡೆದ. ಒಳಗೆ ಕಾಲಿಡಲಿಲ್ಲ. ಇನ್ನಾದರೂ ಬಾಗಿಲು ತೆಗೆಯಬಹುದಲ್ಲ ಎಂದು ನಾನು ದೊಡ್ಡಮ್ಮನನ್ನು ಕೇಳಿದೆ.

"ಅವರು ಇರೋವಾಗ ತೆಗೀದೇ ಇದ್ದ ಬಾಗಿಲು ಈಗ ತೆಗೆದ್ರೆ ಏನಂದ ಹಾಗಾಯ್ತು? ಅವರು ಸಾಯೋದನ್ನೇ ಕಾಯ್ತಾ ಕೂತಿದ್ದೆ ಅಂದ ಹಾಗಾಗಲ್ವಾ?" ಅಂದಳು. ಬಾಗಿಲು ಹಾಗೇ ಉಳಿಯಿತು, ಸಂದಿಯೂ ಉಳಿಯಿತು.

ಆದರೆ ಉಣ್ಣೆ ಪಟ್ಟಿ ಬಡಿಯುವ ಕೈ ಇನ್ನಿರಲಿಲ್ಲ. ಹೀಟರು ಹಗಲಿಡೀ ಉರಿದರೂ ಮನೆ ಬೆಚ್ಚಗಾಗದು. ಹಳೆಯ ಮನೆಗಳನ್ನು ಪರೀಕ್ಷಿಸಿ, ಎಲ್ಲಿ ಏನು ಸರಿಮಾಡಬೇಕೆಂದು ಹೇಳುವ ಒಬ್ಬ ಹುಡುಗಿಯನ್ನು ನಾನೇ ಕರೆಸಿದೆ. ಅವಳು ಬಂದವಳೇ ಮುಂಬಾಗಿಲಿಗೆ ಟಾರ್ಪಾಲಿನಂಥ ಬಟ್ಟೆ ಬಿಗಿದು, ಅದರ ನಡುವೆ ದೊಡ್ಡ ಫ್ಯಾನ್ ಕೂರಿಸಿದಳು.

"ಗಾಳಿ ಓಡಿಸೋಕೆ ಕರೆಸಿದ್ರೆ ಇವಳು ಫ್ಯಾನ್ ಹೊತ್ಕೊಂಡು ಬಂದಿದ್ದಾಳಲ್ಲೇ!" ಅಂದಳು ದೊಡ್ಡಮ್ಮ.

ಫ್ಯಾನ್ ಒಳಗಿನ ಗಾಳಿಯನ್ನು ಹೊರಗೆ ಎಳೆಯುತ್ತದೆ, ಆಗ ಹೊರಗಿನ ಗಾಳಿ ಎಲ್ಲೆಲ್ಲಿ ಕಿಂಡಿ ಇದೆಯೋ ಅಲ್ಲೆಲ್ಲ ನುಗ್ಗಿ ತನ್ನ ಗುಟ್ಟು ತಾನೇ ಬಿಟ್ಟುಕೊಡುತ್ತದೆ ಎಂದು ಹುಡುಗಿ ವಿವರಿಸಿದಳು. ದೊಡ್ಡಮ್ಮನ ಪೆಟ್ಟಿಗೆಯಿಂದಲೇ ಒಂದು ದಾರ ತೆಗೆದುಕೊಂಡು ಕೋಣೆ ಕೋಣೆ ಸುತ್ತಿದಳು. ಅಟ್ಟದ ಮುಚ್ಚಳದ ಕೆಳಗೆ ದಾರ ಹುಚ್ಚೆದ್ದು ಕುಣಿಯಿತು. "ಮೊದಲು ಇಲ್ಲಿ ಮುಚ್ಚಬೇಕು, ಮೇಲೆ ದಪ್ಪಗೆ ಹತ್ತಿಯಂಥದ್ದು ಹಾಸಬೇಕು. ಹೊಸ ಹೀಟರ್ ಎಲ್ಲ ಆಮೇಲೆ" ಅಂದಳು.

"ಹರಿದಿದ್ದು ಮೊದಲು ಹೊಲೀಬೇಕು, ಲೈನಿಂಗ್ ಆಮೇಲೆ. ನಿನಗೂ ಹೊಲಿಗೆ ಬರುತ್ತೆ ಬಿಡು" ಅಂದಳು ದೊಡ್ಡಮ್ಮ. ಅವಳಿಗೆ ಹುಡುಗಿ ಹಿಡಿಸಿಬಿಟ್ಟಿದ್ದಳು.

ಕಿಟಕಿಗಳ ಬಳಿ ದಾರ ಅಷ್ಟಾಗಿ ಅಲುಗಲಿಲ್ಲ. ಬಣ್ಣ ಹೋದ ಉಣ್ಣೆ ಪಟ್ಟಿಗಳನ್ನು ಹುಡುಗಿ ಬೆರಳಲ್ಲಿ ಮುಟ್ಟಿ, "ಯಾರು ಮಾಡಿದ್ದು? ಎಷ್ಟು ಚೆನ್ನಾಗಿದೆ" ಅಂದಳು. ದೊಡ್ಡಮ್ಮ ಹೆಮ್ಮೆಯಿಂದ, "ನಮ್ಮನೆಯವರು" ಅಂದಳು.

ಕೊನೆಗೆ ಅಡುಗೆಮನೆ. ನೆಲದ ಹತ್ತಿರ ಗಾಳಿಯ ರಭಸಕ್ಕೆ ದಾರ ನೆಟ್ಟಗೆ ಮಲಗಿಬಿಟ್ಟಿತು. ಹುಡುಗಿ ಮಂಡಿಯೂರಿ ಟಾರ್ಚ್ ಹಿಡಿದಳು. ದೊಡ್ಡಮ್ಮನ ಮುಖ ಬಾಡಿತು. ಈ ಪರೀಕ್ಷೆಯಲ್ಲಿ ಅವಳಿಗೆ ಭಯವಿದ್ದದ್ದು ಇದೊಂದೇ ಜಾಗದ ಬಗ್ಗೆ.

"ಇದನ್ನ ಮುಚ್ಚಲೇಬೇಕು ಅಮ್ಮಾ" ಅಂದಳು ಹುಡುಗಿ.

"ಅದು ಇಲಿ ಕಡಿದದ್ದು. ಇರಲಿ ಬಿಡು."

"ಇಲಿ ಅಲ್ಲ. ಅರ ಹಾಕಿ ಉಜ್ಜಿದಾರೆ, ಗೆರೆ ನೋಡಿ. ಆಮೇಲೆ ಅಂಚಿಗೆ ಸ್ಯಾಂಡ್‌ಪೇಪರ್ ಹಾಕಿ ನುಣ್ಣಗೆ ಮಾಡಿದಾರೆ. ಕೈ ಹಾಕಿದ್ರೆ ಸಿಬಿರು ಚುಚ್ಚಬಾರದು ಅಂತ ಮಾಡಿದ ಹಾಗಿದೆ. ಮೇಲೆ, ಅಕ್ಕಪಕ್ಕ ಮೂರೂ ಕಡೆ ಪಟ್ಟಿ ಬಡಿದು, ಕೆಳಗೆ ಮಾತ್ರ ಬಿಟ್ಟಿದಾರೆ. ಕಿಟಕಿ ಪಟ್ಟಿ ಬಡಿದ ಅದೇ ಕೈ."

ದೊಡ್ಡಮ್ಮ ನಿಧಾನಕ್ಕೆ ನೆಲದ ಮೇಲೆ ಕೂತು, ಆ ಕಮಾನಿನ ಅಂಚಿನ ಮೇಲೆ ಬೆರಳಾಡಿಸಿದಳು. ವರ್ಷಗಟ್ಟಲೆ ದಿನಾ ಕೈ ತೂರಿಸಿದ ಜಾಗ. ಒಂದು ದಿನವೂ ಸಿಬಿರು ಚುಚ್ಚಿರಲಿಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು. ಹುಡುಗಿ ಗಾಬರಿಯಾಗಿ ಹೋಗಿ ಫ್ಯಾನ್ ಆರಿಸಿದಳು.

"ಅವರಿಗೆ ಗೊತ್ತಿತ್ತು ಕಣೇ" ಎಂದು ದೊಡ್ಡಮ್ಮ ನನಗೆ ಹೇಳಿದಳು. "ನಾನು ಕಳ್ಳಿ ಹಾಗೆ ಮಾತಾಡ್ತಿದ್ದೆ, ಅವರು ಕಳ್ಳನ ಹಾಗೆ ತೂತು ಕೊರೆದ್ರು. ಒಂದೇ ಮನೇಲಿ, ಒಂದೇ ಹಾಸಿಗೇಲಿ ಮಲಗಿದವರು. ಬಾಗಿಲು ತೆಗೀರಿ ಅಂತ ನಾನು ಒಂದು ಸಲ, ಒಂದೇ ಒಂದು ಸಲ ಬಾಯಿಬಿಟ್ಟು ಕೇಳಿದ್ರೆ ತೆಗೀತಿದ್ರು. ನಾನು ಕೇಳಲಿ ಅಂತಾನೇ ಕಾಯ್ತಿದ್ರೋ ಏನೋ. ನಾನು ಇಲಿ ಅಂದೆ!" ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ದೊಡ್ಡಪ್ಪ ಹೋದ ದಿನವೂ ಅವಳು ಅತ್ತಿರಲಿಲ್ಲ.

ಅತ್ತು ಮುಗಿಸಿ, ಮೂಗು ಒರೆಸಿಕೊಂಡು, ಸಂದಿಗೆ ಬಾಯಿಟ್ಟು, ಪಿಸುಗುಡದೆ, ಎಲ್ಲರಿಗೂ ಕೇಳುವ ಹಾಗೆ ಕೂಗಿದಳು: "ಲೇ, ನಿನ್ನ ಗಂಡನ್ನ ಕರಿ. ನಿಮ್ಮ ಕಡೆ ಚಿಲಕ ತೆಗಿ ಅನ್ನು. ನಂದು ತೆಗೀತಿದೀನಿ."

ಆ ಕಡೆ ಅಮ್ಮ ಅಪ್ಪನಿಗೆ ಏನು ಹೇಳಿದಳೋ, ಬಾಗಿಲ ಮೇಲೆ ಸ್ಕ್ರೂಡ್ರೈವರಿನ ಸದ್ದು ಕೇಳಿತು. ತುಕ್ಕು ಹಿಡಿದ ಚಿಲಕಗಳು ಒಂದು ಟೀ ಕುಡಿಯುವಷ್ಟು ಹೊತ್ತೂ ತೆಗೆದುಕೊಳ್ಳಲಿಲ್ಲ. ನನ್ನ ಇಡೀ ಬಾಲ್ಯ ಮುಚ್ಚಿಕೊಂಡಿದ್ದ ಬಾಗಿಲು ಅಷ್ಟು ಸುಲಭಕ್ಕೆ ತೆರೆದದ್ದು ನೋಡಿ ನನಗೆ ಸಂತೋಷವಾಗಲಿಲ್ಲ, ಸಿಟ್ಟೇ ಬಂತು. ಅಮ್ಮ ಓಡಿ ಬಂದು ದೊಡ್ಡಮ್ಮನನ್ನು ತಬ್ಬಿಕೊಂಡಳು. ಅಪ್ಪ ಹೊಸ್ತಿಲಲ್ಲೇ ನಿಂತ. ದೊಡ್ಡಮ್ಮ ಕಮಾನನ್ನು ತೋರಿಸಿ ಎಲ್ಲ ಹೇಳಿದಳು. ಅವನು ಬಗ್ಗಿ ಮುಟ್ಟಿ ನೋಡಿದ.

"ಒಂದು ವರ್ಷ ಅಣ್ಣ ಈ ಬಾಗಿಲಿಗೆ ಮೊಳೆ ಹೊಡೆಯೋ ಸದ್ದು ಕೇಳಿಸಿತ್ತು ಅತ್ತಿಗೆ" ಅಂದ. "ನಮ್ಮನೆ ಗಾಳಿನೂ ಬೇಡ ಅಂತ ಮುಚ್ತಿದಾನೆ ಅಂದ್ಕೊಂಡೆ. ಅವತ್ತೇ ನಾನು ಇನ್ನೊಂದು ಚಿಲಕ ಹಾಕಿದ್ದು."

"ಒಳಗೆ ಬಾ" ಅಂದಳು ದೊಡ್ಡಮ್ಮ.

ಅಪ್ಪ ಅಲುಗಲಿಲ್ಲ. "ಅಣ್ಣ ಒಂದು ಸಲ ಕರೆದಿದ್ರೆ ಬರ್ತಿದ್ದೆ" ಅಂದ.

"ಕರೆದ್ರಲ್ಲೋ" ಅಂದಳು ದೊಡ್ಡಮ್ಮ. "ನಿನಗೆ ಮೊಳೆ ಸದ್ದು ಕೇಳಿಸ್ತು, ನನಗೆ ಇಲಿ ಕಾಣಿಸ್ತು."