ನಿದ್ದೆಗೆಟ್ಟವರ ರಕ್ತ

ಬೆಳಗಿನ ಆರು ಗಂಟೆ ಹತ್ತು ನಿಮಿಷ. ತದಡಿ ಬಂದರಿನ ಕಟ್ಟೆಯ ಮೇಲೆ ಸುಚಿತಾ ಹರಿಕಂತ್ರ ಒಂದು ಕೈಯಲ್ಲಿ ಸಿರಿಂಜು, ಇನ್ನೊಂದರಲ್ಲಿ ಬಿಚ್ಚಿದ ವಾಚು ಹಿಡಿದು ಕುಳಿತಿದ್ದಾರೆ. ಎದುರಿಗೆ ತೋಳು ಚಾಚಿ ಕುಳಿತವರು ಈಗಷ್ಟೇ ಬೋಟಿನಿಂದ ಇಳಿದಿದ್ದಾರೆ. ಅವರನ್ನು ದಾಸ ಎನ್ನೋಣ, ಅದು ನಾನಿಟ್ಟ ಹೆಸರು. ತೋಳಿಗೆ ಅಂಟಿದ ಮೀನಿನ ಹುರುಪೆಯನ್ನು ಸುಚಿತಾ ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಎರಡು ಸಲ ಒರೆಸಿದ್ದಾರೆ. ಆದರೆ ಸೂಜಿ ಚುಚ್ಚುತ್ತಿಲ್ಲ.

"ತೆಗಿ ಮಾರಾಯ್ತಿ, ಇಪ್ಪತ್ತು ನಿಮಿಷಕ್ಕೆ ಎಂತ ಆಗೂದು?" ದಾಸ ಗೊಣಗುತ್ತಾರೆ.

"ಮಾತ್ರೆ ತಕಂಡದ್ದು ನಿನ್ನೆ ಸಂಜೆ ಆರೂವರೆಗೆ ಹೌದಲ್ಲ? ಹಂಗಾರೆ ಆರೂವರೆಗೇ."

ದಾಸ ನುಂಗುವ ಮಾತ್ರೆ ಲಿಥಿಯಂ. ಮನಸ್ಸು ಒಮ್ಮೆ ಹತೋಟಿ ಮೀರಿ ಮೇಲೇರಿ, ಇನ್ನೊಮ್ಮೆ ಏಳಲಾಗದಷ್ಟು ಕುಸಿಯುವ ಬೈಪೋಲಾರ್ ಕಾಯಿಲೆಗೆ ಕೊಡುವಂಥದ್ದು. ರಕ್ತದಲ್ಲಿ ಅದು ಕಡಿಮೆಯಾದರೆ ನುಂಗಿಯೂ ದಂಡ, ಹೆಚ್ಚಾದರೆ ವಿಷ. ಅಳೆಯಬೇಕಾದರೆ ಮಾತ್ರೆ ತೆಗೆದುಕೊಂಡು ಹನ್ನೆರಡು ತಾಸಾಗಿರಬೇಕು. ಈ ಹನ್ನೆರಡು ತಾಸಿನ ಹಿಂದೆ ಸುಚಿತಾ ಇಪ್ಪತ್ತು ವರ್ಷದಿಂದ ಸ್ಕೂಟರ್ ಓಡಿಸುತ್ತಿದ್ದಾರೆ.

ಕುಮಟಾದ ಒಂದು ಸಣ್ಣ ಲ್ಯಾಬಿನಲ್ಲಿ ಅವರಿಗೆ ಕೆಲಸ. ವಯಸ್ಸು ನಲವತ್ತನಾಲ್ಕು. ಬೆಳಿಗ್ಗೆ ಹನ್ನೊಂದರೊಳಗೆ ಹದಿನೈದರಿಂದ ಹದಿನೆಂಟು ಮನೆ ಮುಗಿಸುತ್ತಾರೆ. ಧಾರೇಶ್ವರ, ಬಾಡ, ಹೊನ್ನಾವರ, ಮಂಗಳವಾರ ಮಾತ್ರ ಭಟ್ಕಳ. ಜನ ಇಟ್ಟ ಹೆಸರು 'ರಕ್ತದಕ್ಕ'. ಹೆಚ್ಚಿನವರು ಸಕ್ಕರೆ ಕಾಯಿಲೆಯವರೇ. ತಲೆಯ ಕಾಯಿಲೆಯವರೂ ಅಕ್ಕಪಕ್ಕದವರಿಗೆ ಸಕ್ಕರೆ ಎಂದೇ ಹೇಳಿರುತ್ತಾರೆ. ಭಟ್ಕಳದ ಒಂದು ಮನೆಯಲ್ಲಿ ಹಾಗೆ ಹೇಳಿದ ತಪ್ಪಿಗೆ ಆ ಮನೆಯಾಕೆ ಆರು ವರ್ಷದಿಂದ ಸಕ್ಕರೆಯಿಲ್ಲದ ಚಹಾ ಕುಡಿಯುತ್ತಿದ್ದಾರಂತೆ. ಇದನ್ನು ಹೇಳುವಾಗ ಮಾತ್ರ ಸುಚಿತಾ ನಕ್ಕದ್ದು.

ಸುಚಿತಾರ ಸ್ವಂತ ಮನೆಯಲ್ಲೂ ಬೈಪೋಲಾರ್ ಕಾಯಿಲೆ ಇದೆ. ಅವರ ತಮ್ಮ ದಿನೇಶ, ನನ್ನ ಹೆಸರು ಹಾಕಿ ಎಂದು ತಾವಾಗಿಯೇ ಹೇಳಿದರು. ಬೋಟಿನ ಕೆಲಸಕ್ಕಿದ್ದವರು ಇಪ್ಪತ್ತೇಳನೆಯ ವಯಸ್ಸಿನಲ್ಲಿ ಮೊದಲ ಸಲ ಹಾಸಿಗೆ ಹಿಡಿದರು. ಡಾಕ್ಟರು ಖಿನ್ನತೆ ಎಂದು ಔಷಧಿ ಕೊಟ್ಟರು. ದಿನೇಶ ಆಸ್ಪತ್ರೆಗೆ ಹೋಗುತ್ತಿದ್ದದ್ದು ಕುಸಿದು, ಮಲಗಿದರೂ ನಿದ್ದೆ ಬಾರದಾದಾಗ ಮಾತ್ರ. ಮೇಲೇರಿದಾಗ ಊರಿಗೆಲ್ಲ ಮೀನು ಹಂಚಿ, ದಿನಗಟ್ಟಲೆ ನಿದ್ದೆಯಿಲ್ಲದೆ ಮಾತಾಡುತ್ತಿದ್ದರು. ಖುಷಿಯಾಗಿರುವವನನ್ನು ಯಾರಾದರೂ ಆಸ್ಪತ್ರೆಗೆ ಕರೆದೊಯ್ಯುತ್ತಾರೆಯೇ? ಖಿನ್ನತೆಯ ಮಾತ್ರೆಯೊಂದೇ ಸಾಲದ ಕಾಯಿಲೆಗೆ ಏಳು ವರ್ಷ ಅದೊಂದನ್ನೇ ನುಂಗಿದರು. ಅದರಿಂದ ಮೇಲೇರುವುದು ಇನ್ನೂ ಹೆಚ್ಚಾಯಿತು. ಒಂದು ಮಳೆಗಾಲ ಒಬ್ಬರೇ ಸಣ್ಣ ಪಾತಿ ದೋಣಿ ಹತ್ತಿ ಕಡಲಿಗೆ ಹೋದರು. ಎರಡನೆಯ ದಿನ ಧಾರೇಶ್ವರದ ಬಳಿ ಸಿಕ್ಕರು. ಹೆಂಡತಿ ತವರಿಗೆ ಹೋದವರು ಮರಳಲಿಲ್ಲ. ಮಗಳು ಸುಚಿತಾರ ಮಡಿಲಿಗೆ ಬಂದಳು. ಆ ಹುಡುಗಿಯ ಹೆಸರನ್ನು ನಾನು ಬರೆಯುವುದಿಲ್ಲ.

ಈ ಕಾಯಿಲೆಯನ್ನು ಉಬ್ಬರವಿಳಿತಕ್ಕೆ ಹೋಲಿಸುವುದು ನನ್ನಂಥ ಬರೆಯುವವರಿಗೆ ಸುಲಭ. ದಿನೇಶರ ಎದುರು ಹಾಗೆಂದು ಬೇಸ್ತು ಬಿದ್ದೆ. "ಉಬ್ಬರ ಯಾವಾಗ ಬತ್ತದೆ ಅಂತ ಪಂಚಾಂಗದಾಗೆ ಅದೆ. ಇದು ಎಲ್ಲಿ ಅದೆ?" ಎಂದು ಕೇಳಿದರು.

ಅದು ರಕ್ತದಲ್ಲಿ ಇರಬಹುದು ಎಂದು ಹೇಳಿಕೊಂಡು ನಾಲ್ಕು ವರ್ಷದ ಹಿಂದೆ ದೂರದ ಶಹರದಿಂದ ಒಂದು ಸಂಶೋಧನಾ ತಂಡ ಬಂದಿತ್ತು. ಮಿದುಳಿನ ನರಗಳನ್ನು ಪೋಷಿಸುವ ಒಂದು ಪ್ರೋಟೀನು, ಉರಿಯೂತದ ಕೆಲವು ರಾಸಾಯನಿಕಗಳು ಈ ರೋಗಿಗಳ ರಕ್ತದಲ್ಲಿ ಬೇರೆ ಪ್ರಮಾಣದಲ್ಲಿರುತ್ತವೆಯೇ ಎಂದು ನೋಡುವುದು ಅವರ ಕೆಲಸ. ಅಂಥ ಗುರುತು ಸಿಕ್ಕರೆ ಬರೀ ಖಿನ್ನತೆ ಯಾವುದು, ಬೈಪೋಲಾರ್ ಯಾವುದು ಎಂದು ಮೊದಲೇ ಹೇಳಬಹುದು. ದಿನೇಶ ಕಳೆದುಕೊಂಡ ಏಳು ವರ್ಷವನ್ನು ಇನ್ನೊಬ್ಬರು ಕಳೆದುಕೊಳ್ಳಬೇಕಿಲ್ಲ. ಅಪ್ಪನಿಂದ ಮಗಳಿಗೂ ಬರಬಹುದಾದ ಕಾಯಿಲೆ ಇದು, ಸುಚಿತಾಗೆ ಮೊದಲು ನೆನಪಾದದ್ದು ಮನೆಯ ಹುಡುಗಿ.

ಮೂರು ತಾಲೂಕುಗಳಲ್ಲಿ ರಕ್ತ ತೆಗೆಯುವ ಹೊಣೆ ಅವರಿಗೇ ಬಂತು. ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಇನ್ನೂರ ಹದಿನಾಲ್ಕು ಜನ. ಬೋಟಿನವರೇ ಅರವತ್ತಮೂರು. ರಕ್ತ ಕೊಟ್ಟರೆ ಹೆಸರು ಹೊರಬೀಳುತ್ತದೆಂದು ಹೆದರಿದವರನ್ನು ಮನೆಮನೆಗೆ ಹೋಗಿ ಒಪ್ಪಿಸಿದರು. ದಿನೇಶರನ್ನು ಒಪ್ಪಿಸುವುದೇ ಕಷ್ಟವಾಯಿತಂತೆ. ಕೊನೆಗೆ ಮಗಳ ಹೆಸರು ಹೇಳಿದ ಮೇಲೆ ತೋಳು ಚಾಚಿದರು.

ತುಂಬಬೇಕಾದ ಫಾರ್ಮಿನಲ್ಲಿ ಒಂದು ಪ್ರಶ್ನೆ ಇತ್ತು: ನಿನ್ನೆ ರಾತ್ರಿ ಎಷ್ಟು ತಾಸು ನಿದ್ದೆ? ಬೋಟಿನವರು ಬೆಳಗಾದ ಮೇಲೆ ದಡಕ್ಕೆ ಬರುವವರು. ಸುಚಿತಾ ಇದ್ದದ್ದನ್ನು ಇದ್ದಂತೆ ಬರೆದರು. 'ನಿದ್ದೆ ಇಲ್ಲ. ಬೋಟಿನಲ್ಲಿ ಇದ್ದರು.'

ಒಂದು ವರ್ಷದ ಮೇಲೆ ಲ್ಯಾಬಿಗೆ ಪತ್ರ ಬಂತು. ನಿದ್ದೆಗೆಟ್ಟರೆ ರಕ್ತದ ಆ ರಾಸಾಯನಿಕಗಳು ತಾವಾಗಿಯೇ ಏರುಪೇರಾಗುತ್ತವಾದ್ದರಿಂದ ಐವತ್ತೆಂಟು ಜನರ ರಕ್ತವನ್ನು ಅಧ್ಯಯನದಿಂದ ಕೈಬಿಡಲಾಗಿದೆ ಎಂದಿತ್ತು. ಬೋಟಿನವರಲ್ಲಿ, ರಕ್ತ ಕೊಡುವ ಹಿಂದಿನ ರಾತ್ರಿ ಕಡಲಿಗೆ ಹೋಗದೆ ಮನೆಯಲ್ಲಿ ಮಲಗಿದ್ದ ಐವರು ಮಾತ್ರ ಉಳಿದರು. ದಿನೇಶರ ನಂಬರು ಹೊಡೆದುಹಾಕಿದವುಗಳಲ್ಲಿತ್ತು.

"ಒಂದು ಮಾತು ಮೊದ್ಲೇ ಹೇಳಿದ್ರೆ ಆಗ್ತಿತ್ತು. ಜೂನು, ಜುಲೈ ಬೋಟು ಬಂದ್ ಇರ್ತದೆ. ಆಗ ಬನ್ನಿ ಅಂತಿದ್ದೆ," ಎನ್ನುತ್ತಾರೆ ಸುಚಿತಾ. ಸಿಟ್ಟಿಲ್ಲ, ದನಿ ಸೋತಿದೆ. ಸಿಟ್ಟು ನನಗೆ ಬಂತು. ಕಡಲ ದಂಡೆಗೆ ಬಂದು ಮೀನುಗಾರರ ರಕ್ತ ಕೇಳುವವರಿಗೆ ಮೀನುಗಾರ ಯಾವಾಗ ಮಲಗುತ್ತಾನೆ ಎಂದು ಕೇಳಲು ಹೊಳೆಯಲಿಲ್ಲವೇ? ಐದು ತಾಸು, ಆರು ತಾಸು ಎಂದು ಗೀಚಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು ಎಂದು ನಾನು ಕೇಳಿಯೂಬಿಟ್ಟೆ. ಅವರು ನನ್ನನ್ನೇ ನೋಡಿದರು. "ಸುಳ್ಳು ಬರ್ದ್ರೆ ಆ ರಕ್ತ ಎಂತಕ್ಕೆ?"

ಮೂರು ವರ್ಷ ಅವರು ತಮ್ಮನಿಗೆ ಇನ್ನೂ ಉತ್ತರ ಬಂದಿಲ್ಲ ಎಂದೇ ಹೇಳುತ್ತಿದ್ದರು. ಈ ಲೇಖನಕ್ಕೆ ಒಪ್ಪಿದ ಮೇಲೆ, ಹೋದ ವಾರ, ನಿಜ ಹೇಳಿದರು. ದಿನೇಶ ಈಗ ನಿದ್ದೆ ಕೆಡಬಾರದೆಂದು ಬೋಟು ಬಿಟ್ಟು ದಡದಲ್ಲಿ ಬಲೆ ರಿಪೇರಿ ಮಾಡುತ್ತಾರೆ. ಕೈಕೆಲಸ ನಿಲ್ಲಿಸದೆ ಕೇಳಿಸಿಕೊಂಡರಂತೆ. "ನಿದ್ದೆ ಇಲ್ಲ ಅಂತೇ ಅಲ್ವೇನೆ ನಾ ಡಾಕ್ಟ್ರ ಹತ್ರ ಹೋದದ್ದು?" ಎಂದರಂತೆ.

ಇವರಿಗೆಲ್ಲ ಔಷಧಿ ಕೊಡುವ ಡಾ. ಶ್ರೀಗೌರಿ ಸುಳ್ಳು ಆಸೆ ಹುಟ್ಟಿಸುವವರಲ್ಲ. ನೂರು ರೋಗಿಗಳನ್ನೂ ನೂರು ಆರೋಗ್ಯವಂತರನ್ನೂ ಎದುರುಬದುರು ನಿಲ್ಲಿಸಿದರೆ ಸರಾಸರಿಯಲ್ಲಿ ವ್ಯತ್ಯಾಸ ಕಾಣಬಹುದು, ಒಬ್ಬರನ್ನೇ ನಿಲ್ಲಿಸಿ ಇವರಿಗಿದೆ, ಇವರಿಗಿಲ್ಲ ಎನ್ನುವ ರಕ್ತಪರೀಕ್ಷೆ ಇಂದಿಗೂ ಇಲ್ಲ ಎನ್ನುತ್ತಾರೆ. ದಿನೇಶರ ರಕ್ತ ಲೆಕ್ಕಕ್ಕೆ ಸೇರಿದ್ದರೂ ಮನೆಯ ಹುಡುಗಿಗೆ ಉತ್ತರ ಸಿಗುತ್ತಿರಲಿಲ್ಲ. ಸುಚಿತಾಗೆ ಇದೂ ಗೊತ್ತಿದೆ.

ಹುಡುಗಿಗೆ ಈಗ ಹದಿನಾರು. ದಸರಾ ರಜೆ ಮುಗಿದ ಮೇಲೆ ಕಾಲೇಜಿಗೆ ಹೋಗಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಾಳೆ. ಇದು ಬರೀ ಖಿನ್ನತೆಯೋ ಅಪ್ಪನ ಕಾಯಿಲೆಯೋ ಎಂದು ಕೇಳಿದರೆ ಡಾಕ್ಟರು ಕಾದು ನೋಡಬೇಕು ಎನ್ನುತ್ತಾರೆ. ಕಾಯುವುದು ಏನನ್ನು? ಅವಳು ಒಂದು ದಿನ ನಿದ್ದೆ ಬಿಟ್ಟು ನಗುತ್ತ ಎದ್ದು ಕೂರುವುದನ್ನು. ಮಗು ನಕ್ಕರೆ ಹೆದರುವ ಮನೆ ಅದು.

ಒಂದು ಬೆಳಿಗ್ಗೆ ಸುಚಿತಾ ಹೊರಡುವಾಗ ಅವಳೇ ಎದ್ದು ಬಂದಳಂತೆ. "ಅತ್ತೆ, ಎಲ್ಲರದ್ದೂ ತೆಗಿತೆ. ನಂದೂ ತೆಗಿ. ನಾ ಎಂಟು ತಾಸು ಮಲಗಿದ್ದೆ," ಎಂದಳಂತೆ.

ತೆಗೆದರು. ಬಾಟಲಿಯ ಮೇಲೆ ಹೆಸರು, ಹೊತ್ತು, ನಿದ್ದೆಯ ತಾಸು ಬರೆದರು. ಲ್ಯಾಬಿಗೆ ಹೋದ ಮೇಲೆ ಅದನ್ನು ಯಾವ ಯಂತ್ರಕ್ಕೆ ಕೊಡುವುದು ಎಂದು ತೋಚಲಿಲ್ಲ. ಕೊನೆಗೆ ಹಿಮೋಗ್ಲೋಬಿನ್ ನೋಡಿದರು. ಹತ್ತು ಇತ್ತು. ಸಂಜೆ ಚೀಟಿ ಕೊಟ್ಟು, ರಕ್ತ ಕಮ್ಮಿ ಅದೆ, ಹರಿವೆ ಸೊಪ್ಪು ತಿನ್ನು ಎಂದರು. ಹುಡುಗಿ ಚೀಟಿಯ ಹಿಂಬದಿ ತಿರುಗಿಸಿ ನೋಡಿದಳು. ಅಲ್ಲಿ ಏನೂ ಇರಲಿಲ್ಲ.

ಆರೂವರೆ. ಸುಚಿತಾ ವಾಚು ಕಟ್ಟಿಕೊಂಡು ಸೂಜಿ ಚುಚ್ಚುತ್ತಾರೆ. ಬಾಟಲಿ ತುಂಬುತ್ತದೆ. "ಆತು," ಎನ್ನುತ್ತಾರೆ. ದಾಸ ಹತ್ತಿ ಒತ್ತಿ ಹಿಡಿದು ಮಲಗಲು ಮನೆಗೆ ಹೊರಡುತ್ತಾರೆ. ನಿಮ್ಮ ಬಗ್ಗೆ ಇನ್ನೇನು ಬರೆಯಲಿ ಎಂದು ನಾನು ಕೇಳುತ್ತೇನೆ. ಸುಚಿತಾ ಐಸಿನ ಡಬ್ಬಿಯ ಮುಚ್ಚಳ ಹಾಕುತ್ತಾರೆ.

"ನನ್ನ ಬಗ್ಗೆ ಎಂತ ಬೇಡ. ಮತ್ಯಾರಾದ್ರೂ ರಕ್ತ ಕೇಳಿಕಂಡು ಬರೂದಾದ್ರೆ ಜೂನಿನಾಗೆ ಬರ್ಲಿ ಅಂತ ಬರೀರಿ. ಬೋಟೆಲ್ಲ ದಡದಾಗೆ ಇರ್ತದೆ. ನಮ್ಮವ್ರೂ ಮಲ್ಗಿರ್ತ್ರು."