ಹನ್ನೆರಡು ನಿಮಿಷದ ಚಿತ್ರಕಥೆ

ಡಿಪೋದಲ್ಲಿ ಅವನನ್ನು ಹೆಸರು ಹಿಡಿದು ಕರೆದವರಿಲ್ಲ. ಎಲ್ಲರಿಗೂ ಅವನು ಕಾಯೋಣಪ್ಪ. ಬಸ್ಸಿನ ಹಿಂದೆ ಯಾರಾದರೂ ಕೈ ಬೀಸುತ್ತ ಓಡಿಬರುವುದು ಕನ್ನಡಿಯಲ್ಲಿ ಕಂಡರೆ ಸಾಕು, ಅವನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತಿತ್ತು. "ಕಾಯೋಣ, ಬರ್ತಾ ಇದ್ದಾರೆ," ಅನ್ನುತ್ತಿದ್ದ. ಕಂಡಕ್ಟರಮ್ಮ ಸೀಟಿ ಊದಿ ಊದಿ ಸೋತು, ಟ್ರಿಪ್ ಶೀಟಿನಲ್ಲಿ 'ತಡಕ್ಕೆ ಕಾರಣ' ಎಂಬಲ್ಲಿ 'ಡ್ರೈವರ್ ಕಾದರು' ಎಂದು ಬರೆಯುತ್ತಿದ್ದಳು. ಆರು ವರ್ಷದಿಂದ ಅದೇ ಬಸ್ಸು, ಅದೇ ಜೋಡಿ, ಅದೇ ಕಾರಣ.

ಇಂಥವನಿಗೆ ಸಿನಿಮಾ ಕಥೆ ಬರೆಯುವ ಹುಚ್ಚು. ಮೂರು ನೋಟ್‌ಬುಕ್ಕುಗಳಲ್ಲಿ ಮೂರು ಚಿತ್ರಕಥೆ ಶುರುವಾಗಿ, ಮೂರೂ ಇಪ್ಪತ್ತನೆಯ ಪುಟದ ಆಸುಪಾಸಿನಲ್ಲಿ ಕಣ್ಣು ಮುಚ್ಚಿದ್ದವು. ಆರಂಭಶೂರ ಎಂದು ಹೆಂಡತಿ ಕೊಟ್ಟ ಬಿರುದನ್ನು ಅವನು ನಗುತ್ತಲೇ ಹೊತ್ತುಕೊಂಡಿದ್ದ. ಈ ಸಲ ಮಾತ್ರ ನಕ್ಕು ಜಾರಿಕೊಳ್ಳುವಂತಿರಲಿಲ್ಲ. ಪರವೂರಿನ ಕಾಲೇಜಿನಲ್ಲಿ ಕ್ಯಾಮೆರಾ ಕೆಲಸ ಕಲಿಯುತ್ತಿದ್ದ ಮಗಳು ಫೋನ್ ಮಾಡಿ ಹೇಳಿದ್ದಳು: "ಅಪ್ಪ, ಕೊನೇ ವರ್ಷಕ್ಕೆ ನಾನೊಂದು ಸಿನಿಮಾ ಮಾಡ್ಬೇಕು. ನಿನ್ನ ಕಥೇನೇ ಮಾಡ್ತೀನಿ. ರಜೆಗೆ ಬರೋ ಹೊತ್ತಿಗೆ ಪೂರ್ತಿ ಬರೆದಿಟ್ಟಿರು. ಅರ್ಧ ಆಗಿದ್ರೆ ಬೇರೆಯವರದ್ದು ತಗೋತೀನಿ, ಬೇಜಾರು ಮಾಡ್ಕೋಬಾರದು." ರಜೆಗೆ ಇದ್ದದ್ದು ಒಂಬತ್ತು ವಾರ. ಮಗಳು ಬೇರೆ ಯಾರದೋ ಕಥೆಗೆ ಕ್ಯಾಮೆರಾ ಹಿಡಿಯುವುದನ್ನು ನೆನೆದರೆ ಅವನು ಉಣ್ಣುತ್ತಿದ್ದ ತಟ್ಟೆ ಬಿಟ್ಟು ನೋಟ್‌ಬುಕ್ಕು ಹುಡುಕುತ್ತಿದ್ದ.

ಮೊದಲು ನಾಲ್ಕು ದಿನ ರಜೆ ಹಾಕಿದ. ಕಿಟಕಿಯ ಪಕ್ಕಕ್ಕೆ ಮೇಜು ಎಳೆದ, ಹೊಸ ಪೆನ್ನು ತಂದ, ಬಾಗಿಲು ಹಾಕಿಕೊಂಡ. ನಾಲ್ಕನೆಯ ದಿನ ಸಂಜೆ ಹೆಂಡತಿ ಟೀ ಇಟ್ಟು ಬಗ್ಗಿ ನೋಡಿದರೆ ಹಾಳೆಯ ಮೇಲೆ ಇದ್ದದ್ದು ಇಷ್ಟೇ: 'ಬೆಳಗಿನ ಹೊತ್ತು. ಬಸ್ ನಿಲ್ದಾಣ.'

"ಬಸ್ಸು ಇನ್ನೂ ಬಂದಿಲ್ವಾ?" ಎಂದಳು ಅವಳು.

ಐದನೆಯ ದಿನ ಮುಖ ಸಣ್ಣದು ಮಾಡಿಕೊಂಡು ಕೆಲಸಕ್ಕೆ ಹೋದ. ಅವರ ಬಸ್ಸು ಕೊನೆಯ ನಿಲ್ದಾಣದಲ್ಲಿ ಪ್ರತಿ ಸಲ ಹನ್ನೆರಡು ನಿಮಿಷ ನಿಲ್ಲುತ್ತದೆ. ಕಂಡಕ್ಟರಮ್ಮ ನೀರು ತುಂಬಿಸಿಕೊಂಡು ಬರಲು ಹೋದಾಗ, ಸುಮ್ಮನೆ ಕೂರಲಾರದೆ, ಹಳೆಯ ಟ್ರಿಪ್ ಶೀಟೊಂದನ್ನು ಮಗುಚಿ ಸ್ಟೀರಿಂಗಿನ ಮೇಲಿಟ್ಟು ಗೀಚತೊಡಗಿದ. ಕಥೆಯಲ್ಲಿ ವಯಸ್ಸಾದ ಮೇಷ್ಟ್ರೊಬ್ಬರು ಬಸ್ಸು ಹತ್ತುತ್ತಾರೆ. ಇಪ್ಪತ್ತು ವರ್ಷದಿಂದ ಮಾತು ಬಿಟ್ಟ ಗೆಳೆಯ ಊರು ಬಿಟ್ಟು ಹೊರಟಿದ್ದಾನೆ. ರೈಲು ಹೊರಡುವ ಮೊದಲು ಅವನ ಮುಖ ನೋಡಬೇಕು. ಮೇಷ್ಟ್ರು ಕಂಡಕ್ಟರಿಗೆ ಏನೋ ಹೇಳಲು ಬಾಯಿ ತೆರೆದರು, ಅಷ್ಟರಲ್ಲಿ ಇಲ್ಲಿ ಕಂಡಕ್ಟರಮ್ಮನ ಸೀಟಿ ಕೇಳಿಸಿತು. ಅರ್ಧ ವಾಕ್ಯ ಹಾಗೇ ಉಳಿಯಿತು.

ಆ ಅರ್ಧ ವಾಕ್ಯ ದಾರಿಯುದ್ದಕ್ಕೂ ಚಪ್ಪಲಿಯೊಳಗಿನ ಕಲ್ಲಿನಂತೆ ಚುಚ್ಚಿತು. ಮುಂದಿನ ಟ್ರಿಪ್ಪಿನಲ್ಲಿ ಬಸ್ಸು ನಿಲ್ಲುವುದೇ ತಡ, ಪೆನ್ನು ಕೈಯಲ್ಲಿತ್ತು. ಹುಮ್ಮಸ್ಸು ಬರಲಿ ಎಂದು ವರ್ಷಗಟ್ಟಲೆ ದಾರಿ ನೋಡಿದವನಿಗೆ ಗುಟ್ಟು ತಿಳಿದುಹೋಯಿತು. ಅಂದಿನಿಂದ ಬೇಕೆಂದೇ ವಾಕ್ಯದ ನಡುವೆ ನಿಲ್ಲಿಸುತ್ತಿದ್ದ. ಹನಿ ಹನಿ ಕೂಡಿದರೆ ಹಳ್ಳ ಅನ್ನುತ್ತಾರಲ್ಲ, ದಿನಕ್ಕೆ ಐದು ಸಲ ಹನ್ನೆರಡು ನಿಮಿಷ ಸೇರಿದರೆ ಒಂದು ಗಂಟೆ.

ಐದನೆಯ ವಾರ ಇಪ್ಪತ್ತನೆಯ ಪುಟ ಬಂತು, ಕಥೆ ನಿಂತೇಹೋಯಿತು. ಮೂರು ದಿನ ಒಂದಕ್ಷರ ಮುಂದೆ ಹೋಗಲಿಲ್ಲ. ನಾಲ್ಕನೆಯ ದಿನ ನಾಚಿಕೆ ಬಿಟ್ಟು ಹಾಳೆಗಳನ್ನು ಕಂಡಕ್ಟರಮ್ಮನ ಕೈಗೆ ಕೊಟ್ಟ. ಅವಳು ಬಸ್ಸಿನಲ್ಲಿ ತಲೆ ಎಣಿಸುವಂತೆ ಪೆನ್ನಿನ ತುದಿ ಆಡಿಸುತ್ತ ಓದಿದಳು.

"ಅಣ್ಣ, ಹತ್ತಿದವರು ಹದಿನೇಳು ಜನ. ಇಳಿದವರು ಎಷ್ಟು?"

ಅವನು ಹಾಳೆ ತಿರುವಿದ. ಗಿಳಿಪಂಜರದ ಅಜ್ಜಿ ಹತ್ತಿದ್ದಳು, ಕೆಲಸ ಕಳೆದುಕೊಂಡ ನರ್ಸು ಹತ್ತಿದ್ದಳು, ಜಗಳವಾಡುವ ಅವಳಿಜವಳಿ ಹತ್ತಿದ್ದರು. ಒಬ್ಬರೂ ಇಳಿದಿರಲಿಲ್ಲ.

"ಮೇಷ್ಟ್ರು ಎಲ್ಲಿ?"

"ಹಿಂದಿನ ಸೀಟಲ್ಲಿ ಇರ್ಬೇಕು ಕಣಮ್ಮ."

"ಇರ್ಬೇಕು ಅಂದ್ರೆ? ಸಿನಿಮಾ ಅವರದ್ದಲ್ವಾ? ಈ ಗಲಾಟೇಲಿ ಅವರಿಗೆ ಉಸಿರಾಡೋಕೂ ಜಾಗ ಇಲ್ಲ." ಅವಳು ಹಾಳೆ ಜೋಡಿಸಿಕೊಟ್ಟಳು. "ನಾನು ಹತ್ತೋವಾಗಲೇ ಕೇಳ್ತೀನಿ, ಎಲ್ಲಿ ಇಳೀತೀರಿ ಅಂತ. ನೀವು ಒಬ್ಬರನ್ನೂ ಕೇಳಿಲ್ಲ."

ಹಳೆಯ ಮೂರು ಕಥೆಗಳೂ ಇದೇ ಕಾಯಿಲೆಯಿಂದ ಸತ್ತಿದ್ದವು ಎಂಬುದು ಅವನಿಗೆ ಆಗ ಹೊಳೆಯಿತು. ಓಡಿಬಂದವರನ್ನೆಲ್ಲ ಹತ್ತಿಸಿಕೊಂಡಿದ್ದ, ಯಾರನ್ನೂ ಇಳಿಸಲು ಮನಸ್ಸು ಬಂದಿರಲಿಲ್ಲ. ಕಥೆ ಮುಗಿಯಬೇಕು, ಜನ ಮಾತ್ರ ಹಾಗೇ ಇರಬೇಕು. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ.

ಒಂದೊಂದು ನಿಲ್ದಾಣಕ್ಕೆ ಒಂದೊಂದು ಹಾಳೆ ಇಟ್ಟು ಹೊಸದಾಗಿ ಶುರು ಮಾಡಿದ. ಯಾರೇ ಹತ್ತಲಿ, ಮೇಷ್ಟ್ರಿಗೆ ಏನಾದರೂ ಕೊಟ್ಟು ಇಲ್ಲವೇ ಅವರಿಂದ ಏನಾದರೂ ಕಿತ್ತುಕೊಂಡು ಇಳಿಯಬೇಕು. ಹದಿಮೂರು ಜನರನ್ನು ಕಥೆಯಿಂದಲೇ ಬಿಟ್ಟುಬಿಟ್ಟ. ಗಿಳಿಪಂಜರದ ಅಜ್ಜಿಯನ್ನು ಬಿಟ್ಟ ದಿನ ಅವನಿಗೆ ನಿಜಕ್ಕೂ ದುಃಖವಾಯಿತು. ಹೆಂಡತಿ ಏನಾಯಿತೆಂದು ಕೇಳಿದರೆ ಗಿಳಿಯ ಸುದ್ದಿ ಹೇಳಲಾಗದೆ ತಲೆನೋವು ಎಂದ.

ಕೊನೆಯ ದೃಶ್ಯ ಕಗ್ಗಂಟಾಯಿತು. ಮೇಷ್ಟ್ರು ತಡವಾಗಿ ತಲುಪುತ್ತಾರೆ. ರೈಲನ್ನೇ ನಿಲ್ಲಿಸೋಣ ಅನ್ನಿಸಿತು. "ರೈಲಿಗೂ ನೀವೇ ಡ್ರೈವರಾ ಅಣ್ಣ?" ಎಂದಳು ಕಂಡಕ್ಟರಮ್ಮ. ಸರಿ, ರೈಲು ವೇಳೆಗೆ ಸರಿಯಾಗಿ ಹೋಗಲಿ ಎಂದು ಬರೆದ. ಉಳಿದದ್ದನ್ನು ಅವಳಿಗೂ ತೋರಿಸಲಿಲ್ಲ.

ರಜೆಗೆ ಬಂದ ಮಗಳು ಮನೆಗೂ ಹೋಗದೆ, ಬ್ಯಾಗಿನ ಸಮೇತ ಅಪ್ಪನ ಬಸ್ಸನ್ನೇ ಹತ್ತಿದಳು. ಮೂವತ್ತೆರಡು ಹಾಳೆ ಅವಳ ತೊಡೆಯ ಮೇಲೆ. ಕೊನೆಯ ನಿಲ್ದಾಣ ಬಂದರೂ ತಲೆ ಎತ್ತಲಿಲ್ಲ. ಕಾಯೋಣಪ್ಪ ಕನ್ನಡಿಯಲ್ಲಿ ಅವಳ ಮುಖವನ್ನೇ ನೋಡುತ್ತ ಬೆವರಿದ. ಹನ್ನೆರಡು ನಿಮಿಷ ಕಳೆಯಿತು. ಇಂದಾದರೂ ನಿಯಮದಂತೆ ನಡೆಯೋಣವೆಂದು ಅವನು ಕೀಲಿ ತಿರುಗಿಸಿದ, ಸೀಟಿ ಕೇಳಿಸಲಿಲ್ಲ. ಹಿಂತಿರುಗಿ ನೋಡಿದರೆ ಕಂಡಕ್ಟರಮ್ಮ ಮಗಳ ಭುಜದ ಮೇಲಿಂದ ಬಗ್ಗಿ ತಾನೂ ಓದುತ್ತಿದ್ದಳು. ಕೊನೆಯ ಹಾಳೆಯಲ್ಲಿ ಖಾಲಿಯಾದ ಪ್ಲಾಟ್‌ಫಾರ್ಮ್, ಬೆಂಚಿನ ಮೇಲೆ ಒಂದು ಪೆಟ್ಟಿಗೆ, ಪಕ್ಕದಲ್ಲಿ ರೈಲು ಹತ್ತದೆ ಕೂತ ಗೆಳೆಯ. 'ಬರ್ತೀಯ ಅಂತ ಗೊತ್ತಿತ್ತು,' ಅನ್ನುತ್ತಾನೆ ಅವನು.

"ಹೊರಡೋದಿಲ್ವಾ?" ಎಂದರು ಯಾರೋ ಪ್ರಯಾಣಿಕರು.

"ಕಾಯೋಣ," ಎಂದಳು ಕಂಡಕ್ಟರಮ್ಮ, ತಲೆ ಎತ್ತದೆ. "ಇನ್ನು ನಾಲ್ಕೇ ಸಾಲು."

ಮಗಳು ಕೊನೆಯ ಹಾಳೆ ಮಡಿಸಿ, ಕಣ್ಣೊರೆಸಿಕೊಂಡು, "ಅಪ್ಪ, ನಾಳೆ ಬೆಳಗ್ಗೆ ಮೊದಲನೇ ಟ್ರಿಪ್ಪಿಗೆ ಕ್ಯಾಮೆರಾ ತರ್ತೀನಿ," ಎಂದಳು. ಅವನು ಗೇರು ಹಾಕಿದ. ಹಿಂದೆ ಕಂಡಕ್ಟರಮ್ಮ ಟ್ರಿಪ್ ಶೀಟು ತೆಗೆದು, ಆರು ನಿಮಿಷದ ತಡಕ್ಕೆ ಕಾರಣ ಬರೆದಳು: 'ಕಂಡಕ್ಟರ್ ಕಾದರು.'